ಮೂರನೇ ಕುರ್ಚಿಯ ಹಲ್ಲಿ

ಮನುಷ್ಯ ಕೆಲಸ ಬಿಡುವ ಮೊದಲು ಅವನ ಹಿಮ್ಮಡಿ ನೆಲ ಬಿಡುತ್ತದಂತೆ. ಮನಸ್ಸಿಗೆ ತಿಳಿಯುವುದು ಆಮೇಲೆ. ಬಾಯಿ ಹೇಳುವುದು ಎಲ್ಲಕ್ಕಿಂತ ಕೊನೆಗೆ.

ಕೇಳಿದಾಗ ನನಗೆ ನಗು ಬಂತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರನ್ನು ಗಮನಿಸಿದೆ. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಗೊತ್ತಿದ್ದವರ ಪಾದ ನೆಲಕ್ಕೆ ಅಂಟಿಕೊಂಡಿತ್ತು. ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿದ್ದವರು ಕೂತೇ ಇದ್ದರು, ಆದರೆ ಭಾರವೆಲ್ಲ ಬೆರಳ ತುದಿಗೆ ಬಂದಿತ್ತು. ಹಾಗಾದರೆ ಸುಳ್ಳಲ್ಲ ಅಂದುಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಕಣ್ಣಿಗೆ ಕಂಡದ್ದನ್ನು ಅಲ್ಲಗಳೆಯುವ ಅಭ್ಯಾಸವಿಲ್ಲ.

ನನ್ನ ಸೊಸೆ ಚಿನ್ಮಯಿ ದಾವಣಗೆರೆಯ ನೀರಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಈಗ ಊರಿನ ನೀರೆಲ್ಲ ನೀರ್ದಾರಿ ಎಂಬ ಸಂಸ್ಥೆಯ ಕೈಯಲ್ಲಿದೆ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ಒಂದು ತಣ್ಣನೆಯ ಕೋಣೆಯಲ್ಲಿ ಕೂತ ಐದು ಜನ ನೋಡಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬೋರ್ಡು, ಒಂದೊಂದು ಕುರ್ಚಿ. ಚಿನ್ಮಯಿಯದು ಮೂರನೆಯದು. ಹಳೇ ಪೇಟೆ, ನಿಟುವಳ್ಳಿ, ವಿನೋಬನಗರ ಎಲ್ಲ ಅವಳ ಕೈಕೆಳಗೆ. ಬೀದಿಯಲ್ಲಿ ಅವಳನ್ನು ಕಂಡರೆ ಹೆಂಗಸರು, "ಏನವ್ವಾ, ನಾಳೆ ಸ್ವಲ್ಪ ಜಾಸ್ತಿ ಬಿಡು, ಹಾಸಿಗೆ ತೊಳೆಯೋದೈತಿ" ಎನ್ನುತ್ತಾರೆ. ಅವಳಿಗೆ ಅದೇ ಹೆಮ್ಮೆ.

ಆ ಕೋಣೆಗೆ ಹೋದ ವರ್ಷ ನೆಲೆಮಾಪಕ ಎಂಬ ಯಂತ್ರ ಬಂತು. ಮೇಜಿನ ಕೆಳಗೆ ಪಾದ ಇಡುವಲ್ಲಿ ಒಂದು ತೆಳ್ಳನೆಯ ಹಲಗೆ, ಕುರ್ಚಿಯ ಬೆನ್ನಿಗೆ ಒಂದು ಪಟ್ಟಿ. ಹಲಗೆ ಪಾದದ ಭಾರ ಎತ್ತ ವಾಲುತ್ತದೆಂದು ನೋಡುತ್ತದೆ. ಪಟ್ಟಿ ಉಸಿರನ್ನು ಆಲಿಸುತ್ತದೆ. ಇರಲು ಒಪ್ಪಿದವರ ಭಾರ ಹಿಮ್ಮಡಿಗೆ ಇಳಿಯುತ್ತದೆ, ಉಸಿರು ಒಂದೇ ಸಮ ಹರಿಯುತ್ತದೆ. ಎದ್ದುಹೋಗಬೇಕೆಂದಿರುವವರ ಭಾರ ಮುಂದಕ್ಕೆ ಜಾರುತ್ತದೆ, ಉಸಿರು ಎಳೆದಲ್ಲೇ ನಿಂತು ಆಮೇಲೆ ಉದ್ದಕ್ಕೆ ಹೊರಬರುತ್ತದೆ. ಕೆಲಸದ ಭರದಲ್ಲಿ ಇದು ಕಾಣುವುದಿಲ್ಲ. ಮಧ್ಯಾಹ್ನ ನೀರಿನ ಓಟ ಕಡಿಮೆಯಾಗಿ ಕೈಗೆ ಬಿಡುವಾದಾಗ ಮನುಷ್ಯನ ಕಾವಲು ಸಡಿಲವಾಗುತ್ತದಲ್ಲ, ಆಗಿನ ಅಳತೆಯನ್ನೇ ಯಂತ್ರ ಹಿಡಿದುಕೊಳ್ಳುತ್ತದೆ. ಅಳತೆ ಮುಗಿದಾಗ ಗೋಡೆಯ ಮೇಲಿನ ಬೂದು ಪೆಟ್ಟಿಗೆ 'ಲೊಚ್' ಎನ್ನುತ್ತದೆ. ಅದಕ್ಕೇ ಎಲ್ಲರೂ ಅದನ್ನು ಹಲ್ಲಿ ಅನ್ನುವುದು.

ಹಲ್ಲಿ ಹೇಳುವ ಶಕುನ ಮೂರೇ: ಇವರು ಉಳಿಯುತ್ತಾರೆ, ಇವರು ಬೇರೆ ತಂಡ ಕೇಳುತ್ತಾರೆ, ಇವರು ಬಿಟ್ಟುಹೋಗುತ್ತಾರೆ. ಮೂರು ತಿಂಗಳು ಸತತವಾಗಿ 'ಬಿಟ್ಟುಹೋಗುತ್ತಾರೆ' ಎಂದು ಬಂದರೆ ಅವರನ್ನು ಬೋರ್ಡಿನಿಂದ ತೆಗೆದು ದೂರದ ಕೆಲಸಕ್ಕೆ ಹಾಕುತ್ತಾರೆ. ಬೇರೆ ಯಾವುದೋ ಊರಿನಲ್ಲಿ ಕೆಲಸ ಬಿಡಲು ಮನಸ್ಸು ಮಾಡಿದ್ದ ಒಬ್ಬಾತ ವಾಲ್ವ್ ಮುಚ್ಚುವುದನ್ನು ಮರೆತು ಒಂದು ಬೀದಿಯೇ ಮುಳುಗಿತ್ತಂತೆ. ಹೋಗುವ ಮನಸ್ಸನ್ನು ನೀರಿನ ಬಳಿ ಇಡಬಾರದು ಎಂಬುದು ನಿಯಮ.

ಇನ್ನೊಂದು ಮಾತನ್ನೂ ಹಲ್ಲಿಯ ಜೊತೆ ತಂದರು. ಜನ ಕೆಲಸವನ್ನು ಬಿಡುವುದಿಲ್ಲ, ಮೇಲಿನವನನ್ನು ಬಿಟ್ಟುಹೋಗುತ್ತಾರೆ. ಹೀಗಾಗಿ ಒಂದು ಕುರ್ಚಿ ಹೊರಡುತ್ತದೆ ಎಂದು ಹಲ್ಲಿ ನುಡಿದರೆ ಅದರ ದೋಷ ಪಾಳಿಯ ಮುಖ್ಯಸ್ಥನಿಗೆ. ಮುಖ್ಯಸ್ಥನ ಕುರ್ಚಿಗೆ ಮಾತ್ರ ಹಲ್ಲಿ ಇರಲಿಲ್ಲ. ಕಾರಣವನ್ನು ಯಾರು ಅಳೆಯುತ್ತಾರೆ?

* * *

ಚಿನ್ಮಯಿಯ ಪಾಳಿಯ ಮುಖ್ಯಸ್ಥರು ಹಾಲೇಶ್. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ನನ್ನನ್ನು 'ಅಕ್ಕಾರೇ' ಎನ್ನುತ್ತಿದ್ದರು. ಅವರ ಪರಿಚಯವಾದದ್ದು ಮೊಮ್ಮಗಳಿಂದ.

ಇಂಚರ ಬಾಟಲಿ ಕಂಡರೆ ಮುಖ ತಿರುಗಿಸುವ ಮಗು. ಚಮಚ, ಒಳಲೆ ಯಾವುದಕ್ಕೂ ಬಗ್ಗಲಿಲ್ಲ. ಚಿನ್ಮಯಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಮೇಲೆ ನಾನೇ ದಿನಾ ಮಧ್ಯಾಹ್ನ ಮಗುವನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಂಟ್ರೋಲ್ ರೂಮಿನ ಹಿಂಬದಿಗೆ ಒಂದು ಗಾಜಿನ ಕೋಣೆ ಇದೆ. ಶಾಲೆಯ ಮಕ್ಕಳು ನೋಡಲು ಬಂದರೆ ಕೂರಿಸುವ ಜಾಗ. ಅಲ್ಲಿಂದ ಐದೂ ಕುರ್ಚಿಗಳ ಬೆನ್ನು ಕಾಣುತ್ತದೆ.

ಪ್ರತಿ ಬೋರ್ಡಿಗೂ ಅಂಗೈ ಅಗಲದ ಒಂದು ಹಿಡಿ ಇದೆ. ನೀರು ಬಿಟ್ಟಿರುವಷ್ಟು ಹೊತ್ತು ಅದರ ಮೇಲೆ ಯಾರದಾದರೂ ಕೈ ಇರಲೇಬೇಕು. ಕೈ ತೆಗೆದು ಅರೆ ನಿಮಿಷ ಕಳೆದರೆ ವಾಲ್ವ್‌ಗಳು ತಾವೇ ಮುಚ್ಚಿಕೊಳ್ಳುತ್ತವೆ. ಮತ್ತೆ ತೆರೆದರೆ ಕೊಳವೆಗೆ ಗಾಳಿ ಸೇರಿ ಬೀದಿಗೆಲ್ಲ ಕೆಸರು ನೀರು. ಎದ್ದುಹೋಗುವವರು ಲಾಗ್ ಔಟ್ ಮಾಡಿ ಬೇರೆಯವರು ಲಾಗ್ ಇನ್ ಮಾಡಬೇಕೆಂದು ನಿಯಮವೇನೋ ಇತ್ತು. ಆದರೆ ಲಾಗ್ ಔಟ್ ಮಾಡಿದರೂ ವಾಲ್ವ್ ಮುಚ್ಚುತ್ತದೆ. ಮೊದಲು ಊಟದ ಹೊತ್ತಿಗೆ ಬದಲಿ ಆಪರೇಟರ್ ಒಬ್ಬರಿದ್ದರು, ಆ ಹುದ್ದೆಯನ್ನು ತೆಗೆದಿದ್ದರು.

ನಾವು ಮೊದಲ ದಿನ ಹೋದಾಗ ಚಿನ್ಮಯಿ ತಿರುಗಿ ನೋಡಿದಳು, ಏಳಲಿಲ್ಲ. ಹೇಗೆ ಏಳುವುದು? ಮಗು ಅಳುತ್ತಿತ್ತು. ಆಗ ಹಾಲೇಶ್ ತಮ್ಮ ಮೇಜಿನಿಂದ ಎದ್ದು ಬಂದು, ಹಿಡಿಯ ಮೇಲಿದ್ದ ಅವಳ ಕೈ ಮೇಲೆ ತಮ್ಮ ಕೈ ಇಟ್ಟರು. ಅವಳು ಮೆಲ್ಲಗೆ ಕೈ ಎಳೆದುಕೊಂಡಳು. ಅವರು ಅವಳ ಕುರ್ಚಿಯಲ್ಲಿ ಕೂತರು. ಅಷ್ಟೇ. ನೀರು ನಿಲ್ಲಲಿಲ್ಲ.

ಆಮೇಲೆ ಒಂದು ದಿನ ಆವರಣದ ಬೇವಿನ ಮರದ ಕೆಳಗೆ ಸಿಕ್ಕಾಗ ನಾನು ಕೃತಜ್ಞತೆ ಹೇಳಹೊರಟೆ. ಅವರು ತಲೆ ಕೆರೆದುಕೊಂಡರು.

"ನಮ್ಮಜ್ಜ ಸೂಳೆಕೆರೆ ಕಡೆ ನೀರುಗಂಟಿ ಆಗಿದ್ರು ಅಕ್ಕಾರೇ. ತೂಬು ಕಾಯೋರು. ಇನ್ನೊಬ್ಬ ಬಂದು ಕೈ ಮೇಲೆ ಕೈ ಇಡೋ ತನಕ ತೂಬಿನ ಮೇಲಿಂದ ಕೈ ತೆಗೀತಿರಲಿಲ್ಲ. ಊಟದ ಹೊತ್ತಿಗೆ ಬಂದು ಕೈ ಇಡದೇ ಇದ್ದೋನು ಮನುಷ್ಯನೇ ಅಲ್ಲ ಅಂತಿದ್ರು."

"ಎಲ್ಲರಿಗೂ ಹೀಗೇ ಕೂರ್ತೀರಂತೆ?"

"ಊಟ ಮಾಡಬೇಕಲ್ರೀ ಅವರು."

ಚಿನ್ಮಯಿಯ ಪಕ್ಕದ ಎರಡನೇ ಕುರ್ಚಿಯ ಕರಿಬಸಪ್ಪ, ತನ್ನ ಬೋರ್ಡಿನ ನೀರಿನ ಸರದಿ ಮುಗಿದಿದ್ದರಿಂದ, ಅಲ್ಲೇ ಮಂಡಕ್ಕಿ ತಿನ್ನುತ್ತ ನಿಂತಿದ್ದ. ಬಾಯಿ ತುಂಬಿಕೊಂಡೇ ಹೇಳಿದ: "ನನ್ನ ಕುರ್ಚಿ ಹಲ್ಲಿ ಏನಂತು ಗೊತ್ತೇನ್ರೀ ಅಮ್ಮಾ? 'ಉಳೀತಾನೆ' ಅಂತು. ಮನೇಲಿ ಹೇಳಿದೆ. 'ಅದನ್ನ ಹೇಳೋಕೆ ಯಂತ್ರ ಬೇಕಾ? ಮದುವೆಯಾದಾಗಿಂದ ನಾನೇ ಅಳೀತಿದೀನಿ, ಎದ್ದು ನೀರು ಕುಡಿಯೋ ಪೈಕಿ ಅಲ್ಲ' ಅಂದ್ಲು."

ಹಾಲೇಶ್ ನಕ್ಕರು. ಅವರ ಕೈಯಲ್ಲಿ ಊಟದ ಡಬ್ಬಿ ಇತ್ತು. ಹೊತ್ತು ಮೂರಾಗುತ್ತ ಬಂದಿತ್ತು. ಐದು ಜನರ ಊಟ ಮುಗಿಯುವವರೆಗೆ ಅವರ ಡಬ್ಬಿ ತೆರೆದುಕೊಳ್ಳುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ನಿಂತುಕೊಂಡೇ ತಣ್ಣನೆಯ ರೊಟ್ಟಿ ಮುರಿದುಕೊಂಡರು. ಅಷ್ಟರಲ್ಲಿ ಮಣಿಕಟ್ಟಿನ ಪಟ್ಟಿ ಗುರುಗುಟ್ಟಿತು. ಹೆಡ್ ಆಫೀಸು. ಒಂದು ತುತ್ತು ಬಾಯಲ್ಲಿಟ್ಟು ಡಬ್ಬಿ ಮುಚ್ಚಿ ಒಳಗೆ ಹೋದರು.

* * *

ಹಲ್ಲಿ ಮೂರನೇ ಕುರ್ಚಿಯ ಬಗ್ಗೆ ನುಡಿದದ್ದು ಮಾಘದಲ್ಲಿ.

ಚಿನ್ಮಯಿ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅತ್ತೆ, ನಾನು ಕೆಲಸ ಬಿಡ್ತೀನಂತೆ."

"ಯಾರು ಹೇಳಿದ್ದು?"

"ಹಲ್ಲಿ."

"ನೀನೇನು ಹೇಳ್ತೀಯ?"

"ನಾನು ಬಿಡಲ್ಲ. ಹಾಲೇಶ್ ಸರ್ ಕರೆದು ಕೇಳಿದ್ರು, ಏನಮ್ಮಾ ತೊಂದ್ರೆ, ನನ್ನಿಂದ ಏನಾದ್ರೂ ತಪ್ಪಾಯ್ತಾ ಅಂತ. ಅವರ ಮುಖ ನೋಡೋಕಾಗಲಿಲ್ಲ ಅತ್ತೆ."

ನನ್ನ ಮಗ ಮಧುಕೇಶ ಬಸ್ ಡಿಪೋದಿಂದ ಬಂದ ಮೇಲೆ ಮತ್ತೆ ಅದೇ ಮಾತು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ನಿನಗೆ ಕಷ್ಟ ಆಗ್ತಿದ್ರೆ ಬಿಟ್ಟುಬಿಡು ಚಿನ್ನಿ. ಮಗು ದೊಡ್ಡದಾಗಲಿ."

"ನನಗೆ ಕಷ್ಟ ಇಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಯಂತ್ರ ಸುಮ್ಮನೆ ಹೇಳುತ್ತಾ?"

ಅಲ್ಲಿಂದ ಅವಳಿಗೆ ಅನುಮಾನ ಶುರುವಾಯಿತು. ಬೇರೆಯವರ ಮೇಲಲ್ಲ, ತನ್ನ ಮೇಲೆ. ಮಗುವಿಗೆ ಎಣ್ಣೆ ಹಚ್ಚುತ್ತ ಕೈ ನಿಲ್ಲಿಸಿಬಿಡುವಳು. "ಬಾಯಿ ಬೇಕು ಅನ್ನುತ್ತೆ, ಕಾಲು ಬೇಡ ಅನ್ನುತ್ತೆ. ಇದರಲ್ಲಿ ನಾನು ಯಾರು ಅತ್ತೆ?" ಎಂದು ಕೇಳಿದಳು ಒಂದು ಸಲ. ನಾನು ಅವಳ ಬೆನ್ನು ಸವರಿದೆ.

ನಾನು ಸುಮ್ಮನಿರಲಾರದೆ ಮನೆಯಲ್ಲಿ ಎಲ್ಲರ ಹಿಮ್ಮಡಿ ನೋಡತೊಡಗಿದೆ. ಚಿನ್ಮಯಿ ರೊಟ್ಟಿ ತಟ್ಟುವಾಗ ಹಿಮ್ಮಡಿ ನೆಲಕ್ಕೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ನೆಲಕ್ಕೆ. ಕೆಲಸದ ಮಾತಾಡುವಾಗ, ಯಾವ ಬೀದಿಯ ಕೊಳವೆ ಎಲ್ಲಿ ಸೋರುತ್ತದೆಂದು ವಿವರಿಸುವಾಗ, ಗಟ್ಟಿಯಾಗಿ ನೆಲಕ್ಕೆ. ಟಿವಿಯ ಮುಂದೆ ಕೂತ ಮಧುಕೇಶನ ಹಿಮ್ಮಡಿ ಮಾತ್ರ ಮೇಲಿತ್ತು. ಕ್ರಿಕೆಟ್ ನಡೆಯುತ್ತಿತ್ತು.

"ಏನಮ್ಮಾ ನನ್ನ ಕಾಲು ನೋಡ್ತಿದೀಯ?"

"ಉಗುರು ತೆಗಿ, ಉದ್ದ ಬಂದಿದೆ" ಅಂದೆ.

ಅತ್ತ ಹಾಲೇಶ್ ತಮಗೆ ತೋಚಿದ್ದೆಲ್ಲ ಮಾಡಿದರು. ಅವಳ ಮೇಲೆ ಬೀಳುತ್ತಿದ್ದ ತಣ್ಣನೆ ಗಾಳಿಯ ದಿಕ್ಕು ತಿರುಗಿಸಿದರು. ಬೆಳಗಿನ ದೂರುಗಳನ್ನು ತಾವೇ ತೆಗೆದುಕೊಂಡರು. ಮಗು ಕೂಗಿದರೆ ಇನ್ನೂ ಬೇಗ ಎದ್ದು ಬಂದರು, "ನಿಧಾನ ಕುಡಿಸಮ್ಮ, ಅವಸರ ಮಾಡಬೇಡ" ಎಂದು ಇನ್ನೂ ಹೆಚ್ಚು ಹೊತ್ತು ಕೂತರು. ಮುಂದಿನ ತಿಂಗಳು ಹಲ್ಲಿ ಇನ್ನೂ ಖಚಿತವಾಗಿ ನುಡಿಯಿತು: ಮೂರನೇ ಕುರ್ಚಿ ಬಿಟ್ಟುಹೋಗುತ್ತದೆ. ಅವರು ಹೆಚ್ಚು ಮಾಡಿದಷ್ಟೂ ಶಕುನ ಕೆಡುತ್ತ ಹೋಯಿತು.

ಮೂರನೇ ತಿಂಗಳು ಆದೇಶ ಬಂತು. ಚಿನ್ಮಯಿಯನ್ನು ಸೂಳೆಕೆರೆಯ ತೂಬಿನ ಮನೆಗೆ ಹಾಕಿದ್ದರು. ಅದು ಕೆರೆಯ ಏರಿಯ ಮೇಲಿನ ಒಂಟಿ ಕಟ್ಟಡ. ದಿನಕ್ಕೆರಡು ಸಲ ಗೇಟು ಏರಿಸಿ ಇಳಿಸುವುದು ಬಿಟ್ಟರೆ ಕೆಲಸವಿಲ್ಲ. ಕೆಲಸ ಸುಲಭ, ಆದರೆ ಅಲ್ಲೇ ವಾಸವಿರಬೇಕು. ಮಧುಕೇಶನ ಡಿಪೋ ಇಲ್ಲಿ. ನನ್ನ ಮಂಡಿ ಆ ಏರಿ ಹತ್ತುವಂಥದ್ದಲ್ಲ. ಹಾಲು ಬಿಡದ ಮಗುವನ್ನು ಅಲ್ಲಿ ಯಾರು ನೋಡಿಕೊಳ್ಳುತ್ತಾರೆ? ಹೋಗದಿದ್ದರೆ ರಾಜೀನಾಮೆ.

"ನೋಡಿ ಅತ್ತೆ," ಅವಳು ನಗುವ ಹಾಗೆ ಮಾಡಿದಳು, "ಹಲ್ಲಿ ಹೇಳಿದ್ದು ನಿಜ ಆಗುತ್ತೆ. ನಾನು ಬಿಡ್ತೀನಿ."

* * *

ಆದೇಶ ಜಾರಿಯಾಗುವ ಮುಂಚೆ ಒಂದು ಕೊನೆಯ ಪರೀಕ್ಷೆ ಇರುತ್ತದೆ. ಬೆಂಗಳೂರಿನಿಂದ ಅನುಪಮಾ ಎಂಬಾಕೆ ಬಂದಿದ್ದರು. ಹಲ್ಲಿಯನ್ನು ಮಾಡಿದವರು ಅವರೇ. ಹಲ್ಲಿಯನ್ನು ಮಾಡಿದವರೆಂದರೆ ನಾನು ಬೇರೆ ಏನೋ ಕಲ್ಪಿಸಿಕೊಂಡಿದ್ದೆ. ಬಂದದ್ದು ಸಾದಾ ಕಾಟನ್ ಸೀರೆಯ, ನಿದ್ದೆ ಸಾಲದ ಕಣ್ಣಿನ ಹುಡುಗಿ. ಮೂವತ್ತೈದು ಇರಬಹುದು.

"ಇವತ್ತು ಬರಬೇಡಿ ಅತ್ತೆ, ಪರೀಕ್ಷೆ ಇದೆ" ಎಂದು ಚಿನ್ಮಯಿ ಹೇಳಿಹೋಗಿದ್ದಳು. ಆದರೆ ಇಂಚರ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಅತ್ತೂ ಅತ್ತೂ ದನಿ ಕೂತುಹೋಗಿತ್ತು. ಇನ್ನು ಆಗದು ಎಂದು ಆಟೋ ಹತ್ತಿದೆ.

ಅನುಪಮಾ ಗಾಜಿನ ಕೋಣೆಯಲ್ಲೇ ಕೂತಿದ್ದರು. ಮಡಿಲಲ್ಲಿ ಒಂದು ಪರದೆ. ಅದರ ಮೇಲೆ ಐದು ಗೆರೆಗಳು ಮೆಲ್ಲಗೆ ಹರಿಯುತ್ತಿದ್ದವು, ಒಂದೊಂದು ಕುರ್ಚಿಗೆ ಒಂದೊಂದು. ನಾನು ಬಾಗಿಲಲ್ಲಿ ಹಿಂಜರಿದೆ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಫ್ಯಾನಿನ ಕೆಳಗೆ ಬನ್ನಿ" ಎಂದು ತಮ್ಮ ಚೀಲ ತೆಗೆದು ಜಾಗ ಮಾಡಿಕೊಟ್ಟರು.

ಮಗು ಗಾಜಿನಾಚೆ ತಾಯಿಯ ಬೆನ್ನು ಕಂಡಿತು. ಎಲ್ಲಿತ್ತೋ ಆ ದನಿ, ಕೋಣೆ ಸೀಳುವ ಹಾಗೆ ಕಿರುಚಿತು. ಚಿನ್ಮಯಿಯ ಹೆಗಲು ಬಿಗಿಯಾದದ್ದು ನನಗೆ ಕಂಡಿತು. ಅವಳು ತಿರುಗಲಿಲ್ಲ. ಅನುಪಮಾ ಇದ್ದಾರಲ್ಲ. ಕುರ್ಚಿಯನ್ನು ಇನ್ನೊಬ್ಬರಿಗೆ ಹಾಗೇ ಬಿಟ್ಟುಕೊಟ್ಟರೆ ಇಬ್ಬರಿಗೂ ಶಿಕ್ಷೆ.

ಕರಿಬಸಪ್ಪ ತಲೆ ತಗ್ಗಿಸಿಕೊಂಡ. ಹಾಲೇಶ್ ತಮ್ಮ ಮೇಜಿನಲ್ಲಿ ಕೂತೇ ಇದ್ದರು. ಗಾಜಿನತ್ತ ನೋಡಿದರು. ಪರೀಕ್ಷೆಗೆ ಬಂದವರನ್ನು ನೋಡಿದರು. ಮಗುವನ್ನು ನೋಡಿದರು. ಆಮೇಲೆ ಎದ್ದು ಬಂದು, ದಿನವೂ ಇಡುವ ಹಾಗೆ, ಚಿನ್ಮಯಿಯ ಕೈ ಮೇಲೆ ಕೈ ಇಟ್ಟರು.

"ಸರ್, ಬೇಡ ಸರ್" ಎಂದಳು ಅವಳು. ಬಾಗಿಲು ತೆರೆದಿದ್ದರಿಂದ ನಮಗೆ ಕೇಳಿಸಿತು.

"ಹೋಗಮ್ಮ. ಮಗು ಮೊದಲು."

ಚಿನ್ಮಯಿ ಓಡಿಬಂದು ಮಗುವನ್ನು ಎತ್ತಿಕೊಂಡಳು. ತಾಯಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅನುಪಮಾ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಆ ಒಂದು ನಡೆಯಿಂದ ನನಗೆ ಆಕೆ ಇಷ್ಟವಾದರು. ಅಳು ನಿಂತಿತು. ಮಗು ಗುಟುಕರಿಸುವ ಸದ್ದು ಮಾತ್ರ.

ಗೋಡೆಯ ಕಡೆ ತಿರುಗಿದ್ದ ಅನುಪಮಾ ಪರದೆಯ ಮೇಲೆ ಬಗ್ಗಿದರು. ಇನ್ನಷ್ಟು ಬಗ್ಗಿದರು. ಆಮೇಲೆ ನನ್ನ ತೋಳು ಮುಟ್ಟಿ ಪರದೆ ತೋರಿಸಿದರು. ಮೂರನೇ ಗೆರೆ, ಈಗಿನವರೆಗೆ ಮಟ್ಟಸವಾಗಿ ಹರಿಯುತ್ತಿದ್ದದ್ದು, ಜಿಗಿದು ಮೇಲೇರಿತ್ತು. ಹಿಮ್ಮಡಿ ನೆಲ ಬಿಟ್ಟಿದೆ ಎಂದರ್ಥ. ಉಸಿರಿನ ಗುರುತು ನಿಂತು ನಿಂತು ಉದ್ದಕ್ಕೆ ಬರುತ್ತಿತ್ತು.

"ಮೂರು ತಿಂಗಳಿಂದ ಮಧ್ಯಾಹ್ನ ದಿನಾ ಹೀಗೇ" ಎಂದರು ಪಿಸುದನಿಯಲ್ಲಿ. "ಇದು ಚಿನ್ಮಯಿ ಅವರ ಗೆರೆ ಅಂದುಕೊಂಡಿದ್ದೆ."

ಚಿನ್ಮಯಿ ನನ್ನ ಎದುರಿಗೇ ಕೂತಿದ್ದಳು. ಮಗು ಎದೆಗೆ ಒರಗಿತ್ತು. ಅವಳ ಎರಡೂ ಹಿಮ್ಮಡಿ ನೆಲದ ಮೇಲಿದ್ದವು.

ನಾನು ಗಾಜಿನಾಚೆ ನೋಡಿದೆ. ಹಾಲೇಶ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೈ ಹಿಡಿಯ ಮೇಲೆ ಗಟ್ಟಿಯಾಗಿತ್ತು. ಮೇಜಿನ ಕೆಳಗೆ ಅವರ ಶೂಗಳ ಹಿಂಭಾಗ ಹಲಗೆಯಿಂದ ಎದ್ದು ನಿಂತಿತ್ತು, ಬಸ್ಸಿಗೆ ಕಾಯುವವರ ಹಾಗೆ. ಇಷ್ಟು ತಿಂಗಳು ಇದೇ ಜಾಗದಲ್ಲಿ ಕೂತು ಇದೇ ಬೆನ್ನನ್ನು ನೋಡಿದ್ದೆ. ಮನೆಯವರ ಕಾಲೆಲ್ಲ ನೋಡಿದವಳು ಇವರ ಕಾಲು ನೋಡಿರಲಿಲ್ಲ.

ಹಲ್ಲಿ ಅಳೆದದ್ದು ಸರಿಯಾಗಿಯೇ ಇತ್ತು. ಕುರ್ಚಿ ಮೂರನೆಯದು. ಕಾವಲು ಸಡಿಲವಾಗುವ ಹೊತ್ತು ಮಧ್ಯಾಹ್ನದ್ದು. ಆ ಹೊತ್ತಿನಲ್ಲಿ ಅಲ್ಲಿ ಕೂರುತ್ತಿದ್ದ ಮನುಷ್ಯ ಮಾತ್ರ ಬೇರೆ. ಉಳಿದವರ ಊಟಕ್ಕೆ ಅವರು ಕೂರುತ್ತಿದ್ದದ್ದು ಸ್ವಲ್ಪ ಹೊತ್ತು, ಅದೂ ಅಳತೆಯ ಹೊತ್ತಿನ ಆಚೆಗೆ. ಮಗುವಿನ ಹೊತ್ತು ಮಾತ್ರ ದಿನವೂ ಹಲ್ಲಿಯ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು.

'ಲೊಚ್' ಎಂದಿತು ಗೋಡೆಯ ಪೆಟ್ಟಿಗೆ.

* * *

ಮಗು ನಿದ್ದೆ ಹೋದ ಮೇಲೆ ಚಿನ್ಮಯಿ ಕುರ್ಚಿಗೆ ಮರಳಿದಳು. ಹಾಲೇಶ್ ಗಾಜಿನ ಕೋಣೆಗೆ ಬಂದು ಅನುಪಮಾರ ಮುಂದೆ ನಿಂತರು, ತಪ್ಪು ಮಾಡಿದ ಹುಡುಗ ಹೆಡ್ಮಾಸ್ತರ ಮುಂದೆ ನಿಲ್ಲುವ ಹಾಗೆ.

"ನಿಯಮ ಮುರಿದವನು ನಾನು ಮೇಡಂ. ಆ ಹುಡುಗಿಯದು ಏನೂ ಇಲ್ಲ. ಬರಕೊಳ್ಳೋದಿದ್ರೆ ನನ್ನ ಹೆಸರು ಬರಕೊಳ್ರಿ."

"ಕೂತ್ಕೊಳ್ಳಿ ಸರ್. ಎಷ್ಟು ದಿನದಿಂದ?"

"ಆಕಿ ರಜೆ ಮುಗಿಸಿ ಬಂದಾಗಿಂದ ಕೂರ್ತಿದೀನಿ."

"ಕೂರೋದಲ್ಲ. ಹೋಗಬೇಕು ಅನ್ನಿಸಿರೋದು."

ಹಾಲೇಶ್ ನನ್ನ ಮುಖ ನೋಡಿದರು, ನಾನೇನೋ ದೂರು ಹೇಳಿದೆನೆಂಬಂತೆ. ಅನುಪಮಾ ಪರದೆಯನ್ನು ಅವರತ್ತ ತಿರುಗಿಸಿ ಎಲ್ಲ ವಿವರಿಸಿದರು. ಅವರು ಬಹಳ ಹೊತ್ತು ಗೆರೆ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ಈಗಲೂ ಹಿಮ್ಮಡಿ ಮೇಲಿತ್ತು. ಅದನ್ನು ಬಲವಂತವಾಗಿ ನೆಲಕ್ಕೆ ಒತ್ತಿದರು.

"ನನಗೆ ಹಂಗೇನೂ ಅನ್ನಿಸಿಲ್ರೀ" ಎಂದರು. ಆಮೇಲೆ, "ಅನ್ನಿಸೋಕೆ ಪುರಸೊತ್ತು ಎಲ್ಲಿದೆ?"

ಅನುಪಮಾ ಕಾದರು. ಒಳ್ಳೆಯ ಮೇಷ್ಟ್ರಿಗೂ ಇಷ್ಟು ಕಾಯಲು ಬರುವುದಿಲ್ಲ.

"ಮೊದಲು ನೀರು ನೋಡ್ತಿದ್ದೆ ಮೇಡಂ. ಈಗ ಜನರನ್ನ ನೋಡ್ತೀನಿ, ಆದ್ರೆ ನೋಡೋ ರೀತಿ ಕೆಟ್ಟೋಗಿದೆ. ಯಾರ ಮುಖ ನೋಡಿದ್ರೂ ಇವನು ಉಳೀತಾನಾ, ಹೋಗ್ತಾನಾ ಅಂತ. ಕರಿಬಸಪ್ಪಂಗೆ 'ಊಟ ಆಯ್ತೇನೋ' ಅಂತ ಕೇಳ್ತೀನಿ. ಕೇಳಿದ ಮೇಲೆ, ಇದನ್ನ ಅವನಿಗೋಸ್ಕರ ಕೇಳಿದ್ನೋ ಹಲ್ಲಿಗೋಸ್ಕರ ಕೇಳಿದ್ನೋ ಅಂತ ನನಗೇ ತಿಳಿಯಲ್ಲ. ಮೊದಲು ತಿಳೀತಿತ್ತು."

ಅನುಪಮಾರ ಮುಖ ಸಣ್ಣದಾಯಿತು. "ಮುಖ್ಯಸ್ಥರ ಕುರ್ಚಿಗೆ ಹಲಗೆ ಇಡೋಣ ಅಂತ ನಾನು ಮೊದಲೇ ಹೇಳಬೇಕಿತ್ತು. ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ."

"ಇಟ್ಟಿದ್ರೂ ಗೊತ್ತಾಗ್ತಿರಲಿಲ್ಲ ಬಿಡ್ರಿ. ನನ್ನ ಕುರ್ಚೀಲಿ ನಾನು ಎಲ್ಲಿ ಕೂರ್ತೀನಿ!"

ಹೊರಗಿನಿಂದ ಕರಿಬಸಪ್ಪನ ದನಿ ಬಂತು: "ಸರ್, ನಿಮ್ಮ ಡಬ್ಬಿ ತಣ್ಣಗಾಗೈತಿ. ಇವತ್ತಾದ್ರೂ ಕೂತು ಉಣ್ರೀ. ಅಷ್ಟೊತ್ತು ನಿಮ್ಮನ್ನ ಬಿಟ್ಟು ಯಾರೂ ಓಡಿ ಹೋಗಲ್ಲ."

ಹಾಲೇಶ್ ಕೂತು ಉಂಡರು. ನಾನು ನನ್ನ ಚೀಲದಲ್ಲಿದ್ದ ಎಣ್ಣೆಗಾಯಿ ಬಡಿಸಿದೆ. ಉಣ್ಣುತ್ತಾ ಉಣ್ಣುತ್ತಾ, ತಟ್ಟೆಯಿಂದ ತಲೆ ಎತ್ತದೆ, ಅನುಪಮಾರನ್ನು ಕೇಳಿದರು: "ಆ ಸೂಳೆಕೆರೆ ತೂಬಿನ ಮನೆ ಖಾಲೀನೇ ಇರುತ್ತಾ ಹಂಗಾದ್ರೆ?"

ಚಿನ್ಮಯಿಗೆ ಶಿಕ್ಷೆಯಾಗಿದ್ದ ಜಾಗವನ್ನು ಹಾಲೇಶ್ ಕೇಳಿ ಪಡೆದರು. ಅನುಪಮಾ ಯಾವುದನ್ನೂ ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ವರದಿ ಮಾಡಿದರು. ಚಿನ್ಮಯಿಯ ಆದೇಶ ರದ್ದಾಯಿತು. ಹಾಲೇಶರಿಗೆ ಒಂದು ಎಚ್ಚರಿಕೆ ಪತ್ರ ಬಂತು, ಅದರ ಹಿಂದೆಯೇ ವರ್ಗವೂ ಬಂತು. ಊಟದ ಹೊತ್ತಿಗೆ ಬದಲಿ ಆಪರೇಟರ್ ಬೇಕೆಂದು ಅನುಪಮಾ ಬರೆದದ್ದಕ್ಕೆ ಮಾತ್ರ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ.

ಹೊರಡುವ ದಿನ ಹಾಲೇಶ್ ಯಾರಿಗೂ ಭಾಷಣ ಮಾಡಲಿಲ್ಲ. ಐದು ಬೋರ್ಡುಗಳ ಹತ್ತಿರ ಹೋಗಿ ಒಬ್ಬೊಬ್ಬರ ಕೈ ಮೇಲೂ ಒಂದು ಕ್ಷಣ ಕೈ ಇಟ್ಟರು. ಈ ಸಲ ಯಾರೂ ಕೈ ಎಳೆದುಕೊಳ್ಳಲಿಲ್ಲ. ಅವರೇ ಎಳೆದುಕೊಂಡರು.

* * *

ಹೊಸ ಮುಖ್ಯಸ್ಥ ಶ್ರೇಯಾಂಕ್, ಹುಬ್ಬಳ್ಳಿ ಕಡೆಯ ಹುಡುಗ. ಇಸ್ತ್ರಿ ಮಡಿಕೆ ಕೆಡದ ಅಂಗಿ, ಹೊಸ ಶೂ. ಮುಖ್ಯಸ್ಥರ ಕುರ್ಚಿಯ ಕೆಳಗೂ ಈಗ ಹಲಗೆ ಬಂದಿತ್ತು. ಬಂದ ಬೆಳಿಗ್ಗೆಯೇ ನಿಯಮಗಳನ್ನು ಓದಿ ಹೇಳಿದನಂತೆ. ಲಾಗ್ ಔಟ್ ಮಾಡದೆ ಯಾರೂ ಏಳಬಾರದು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರಬಾರದು.

"ಏನ್ಮಾಡ್ತೀಯೇ?" ಎಂದು ಫೋನಿನಲ್ಲಿ ಕೇಳಿದೆ.

"ನೀವು ಬನ್ನಿ ಅತ್ತೆ. ನೋಡೋಣ" ಎಂದಳು ಚಿನ್ಮಯಿ. ದನಿಯಲ್ಲಿ ಅನುಮಾನವಿತ್ತು.

ಆಟೋದಲ್ಲಿ ಇಡೀ ದಾರಿ ನನ್ನ ಹಿಮ್ಮಡಿಯೇ ಮೇಲಿತ್ತು. ಆ ಹುಡುಗ ಒಪ್ಪದಿದ್ದರೆ ಇವಳು ಕೆಲಸ ಬಿಡದೆ ವಿಧಿಯಿಲ್ಲ. ಹಾಲೇಶ್ ಅಷ್ಟು ಮಾಡಿದ್ದು ನೀರಲ್ಲಿ ಹೋಮವಾಗುತ್ತದೆ.

ಗಾಜಿನ ಕೋಣೆಯಲ್ಲಿ ಕೂತೆ. ಇಂಚರ ತಾಯಿಯನ್ನು ಕಂಡು ಕೈ ಚಾಚಿತು, ತುಟಿ ಸೊಟ್ಟ ಮಾಡಿ ರಾಗ ತೆಗೆಯಿತು. ಶ್ರೇಯಾಂಕ್ ಬೆಚ್ಚಿ ತಿರುಗಿ ನೋಡಿದ. ಚಿನ್ಮಯಿ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಅವನತ್ತ ನೋಡಿದಳು. ಅವನು ಅಲ್ಲಾಡಲಿಲ್ಲ.

ಆಗ ಕರಿಬಸಪ್ಪ, ಎದ್ದು ನೀರು ಕುಡಿಯೋ ಪೈಕಿಯಲ್ಲದ ಆ ಮನುಷ್ಯ, ತನ್ನ ಬಲಗೈ ತನ್ನ ಹಿಡಿಯ ಮೇಲೆಯೇ ಇಟ್ಟುಕೊಂಡು ಎಡಗೈ ಚಾಚಿ ಚಿನ್ಮಯಿಯ ಕೈ ಮೇಲೆ ಇಟ್ಟ. ರೆಕ್ಕೆ ಬಿಚ್ಚಿದ ಕೊಕ್ಕರೆಯ ಹಾಗೆ ಎರಡು ಬೋರ್ಡುಗಳ ನಡುವೆ ಬಗ್ಗಿ ನಿಂತ.

"ಹೋಗವ್ವಾ."

ಚಿನ್ಮಯಿ ಎದ್ದಳು. ಶ್ರೇಯಾಂಕ್‌ಗೆ ಸಿಟ್ಟು ಬಂತು. "ಏನ್ರೀ ಇದು? ಎರಡು ಬೋರ್ಡಿಗೆ ಒಬ್ಬರು ನಿಲ್ಲೋದಾ? ಹೆಚ್ಚುಕಡಿಮೆ ಆದ್ರೆ?"

"ಹೌದ್ರಿ ಸರ್, ತಪ್ಪೇ" ಎಂದ ಕರಿಬಸಪ್ಪ, ಬೆನ್ನು ನೋವಿಗೆ ಮುಖ ಕಿವುಚುತ್ತಾ. "ಒಂದು ಕೈ ಕಡಿಮೆ ಬಿದ್ದೈತಿ. ನಾನೇನ್ ಮಾಡ್ಲಿ, ದೇವರು ಎರಡೇ ಕೊಟ್ಟಾನ."

ಒಂದನೇ ಕುರ್ಚಿಯವರು ನಕ್ಕರು. ಶ್ರೇಯಾಂಕ್ ನಗಲಿಲ್ಲ. ಹಳೇ ಪೇಟೆಗೆ ನೀರು ಹರಿಯುತ್ತಿದ್ದ ಗೆರೆಯನ್ನು ನೋಡಿದ, ಗೋಡೆಯ ಬೂದು ಪೆಟ್ಟಿಗೆಯನ್ನು ನೋಡಿದ. ಗಾಜಿನೊಳಗೆ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಮಗುವಿನತ್ತ ಕಣ್ಣು ಹಾಯಿಸಿ ಥಟ್ಟನೆ ತಿರುಗಿಕೊಂಡ. ಆಮೇಲೆ ಬಂದು ಮೂರನೇ ಕುರ್ಚಿಯ ಪಕ್ಕ ನಿಂತ.

"ಏನು ಮಾಡಬೇಕು?"

"ಏನಿಲ್ರಿ. ನನ್ನ ಕೈ ಮೇಲೆ ಕೈ ಇಡ್ರಿ. ಇಟ್ರಾ? ಈಗ ನಾನು ತೆಗೀತೀನಿ. ಹ್ಞಾ. ಕೂತ್ಕೊಳ್ರಿ."

ಕರಿಬಸಪ್ಪ ಸೊಂಟ ನೆಟ್ಟಗೆ ಮಾಡಿಕೊಂಡ. ಶ್ರೇಯಾಂಕ್ ಕುರ್ಚಿಯ ತುದಿಯಲ್ಲಿ ಕೂತ, ಹಿಡಿ ಎಲ್ಲಿ ಜಾರುತ್ತದೋ ಎಂಬಂತೆ ಬಿಗಿಯಾಗಿ ಹಿಡಿದು. ನಾನು ಈ ಸಲ ಮರೆಯದೆ ಅವನ ಕಾಲು ನೋಡಿದೆ. ಹೊಸ ಶೂಗಳ ಹಿಮ್ಮಡಿ ಗಾಳಿಯಲ್ಲಿತ್ತು.

ನನ್ನ ಪಕ್ಕದಲ್ಲಿ ಮಗುವಿನ ಬಿಕ್ಕು ನಿಂತು ಗುಟುಕಿನ ಸದ್ದು ಶುರುವಾಯಿತು. ಆ ಸದ್ದು ಅವನಿಗೂ ಕೇಳಿಸಿತೇನೋ. ಹೆಗಲು ಸ್ವಲ್ಪ ಇಳಿಯಿತು. ಬೆನ್ನು ಕುರ್ಚಿಗೆ ಒರಗಿತು. ಮೊದಲು ಎಡದ ಹಿಮ್ಮಡಿ, ಆಮೇಲೆ ಬಲದ್ದು, ಮೆಲ್ಲಗೆ ಹಲಗೆಗೆ ತಾಗಿದವು.

ಗೋಡೆಯ ಮೇಲೆ ಹಲ್ಲಿ 'ಲೊಚ್' ಎಂದಿತು.

ನಮ್ಮಮ್ಮ ಹಲ್ಲಿ ನುಡಿದರೆ ನೆಲ ತಟ್ಟಿ 'ಕೃಷ್ಣ ಕೃಷ್ಣ' ಎನ್ನುತ್ತಿದ್ದಳು, ಅದು ಅಂದದ್ದು ನಿಜವಾಗಲಿ ಎಂದು. ವಿಜ್ಞಾನ ಓದಿದ ನಾನು ಬೆಂಚಿನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿದೆ, ಯಾರಿಗೂ ಕೇಳಿಸದ ಹಾಗೆ.